ಬ್ಯಾಕ್ ಲೈಟ್ ಒಡೆದಿದೆಯೇ? ಮನೆಯಂಗಳದಲ್ಲೇ ಬದಲಿಸಿಕೊಳ್ಳಿ

ರಿವರ್ಸ್ ತೆಗೆಯುವಾಗ ಕಾಂಪೌಂಡ್ ಗೋಡೆಯ ಮೂಲೆ ತಾಗಿದರೂ ಸಾಕು, ಸಿಗ್ನಲ್‌ನಲ್ಲಿ ನಿಂತಾಗ ಹಿಂದಿನ ಆಟೊದ ಮೂತಿ ಮುಟ್ಟಿದರೂ ಸಾಕು, ಕಾರಿನ ಕೆಂಪು ಪ್ಲಾಸ್ಟಿಕ್ ಚೂರುಚೂರಾಗಿ ನೆಲ ಸೇರುತ್ತದೆ. ಗ್ಯಾರೇಜಿಗೆ ಒಯ್ದರೆ ‘ಬಿಟ್ಟು ಹೋಗಿ, ಸಂಜೆ ಬನ್ನಿ’ ಎನ್ನುತ್ತಾರೆ. ಆದರೆ ಆಲ್ಟೊ, ವ್ಯಾಗನ್ ಆರ್ ಥರದ ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ಟೇಲ್ ಲ್ಯಾಂಪ್ ಬಿಚ್ಚುವುದೆಂದರೆ ಸಾಮಾನ್ಯವಾಗಿ ಎರಡು ಸ್ಕ್ರೂಗಳ ಕೆಲಸ. ಕಷ್ಟವಿರುವುದು ಬಿಚ್ಚುವುದರಲ್ಲಲ್ಲ. ಹೊಸದನ್ನು ಕೂರಿಸಿದ ಮೇಲೆ ಮಳೆನೀರು ಡಿಕ್ಕಿಯೊಳಗೆ ಇಳಿಯದಂತೆ ನೋಡಿಕೊಳ್ಳಬೇಕಲ್ಲ, ಅದರಲ್ಲಿ.

ಇಡೀ ಲ್ಯಾಂಪ್ ಬೇಕೇ, ಬಲ್ಬ್ ಸಾಕೇ?

ಅಂಗಡಿಗೆ ಹೊರಡುವ ಮೊದಲು ಇದನ್ನು ಖಚಿತಪಡಿಸಿಕೊಳ್ಳಿ. ಹೊರಕವಚ ಒಡೆದಿದ್ದರೆ, ಒಳಗೆ ನೀರು ನಿಂತಿದ್ದರೆ ಅಥವಾ ಕೂರುವ ಕೊಕ್ಕೆಗಳು ಮುರಿದಿದ್ದರೆ ಇಡೀ ಲ್ಯಾಂಪನ್ನೇ ಬದಲಿಸಬೇಕು. ಬೆಳಗಿನ ಚಳಿಗೆ ಒಳಗೆ ಮಂಜು ಕಟ್ಟಿ ಬಿಸಿಲೇರಿದ ಮೇಲೆ ಆರಿಹೋಗುತ್ತಿದ್ದರೆ ಅದು ದೋಷವಲ್ಲ. ಲ್ಯಾಂಪಿಗೆ ಗಾಳಿ ಆಡಲು ಸಣ್ಣ ರಂಧ್ರಗಳಿರುತ್ತವೆ, ಅಷ್ಟೇ.

ಲ್ಯಾಂಪ್ ಗಟ್ಟಿಯಾಗಿದ್ದು ಬೆಳಕು ಮಾತ್ರ ಬರುತ್ತಿಲ್ಲವೆಂದರೆ ಬಲ್ಬ್ ನೋಡಿ. ಇಂಡಿಕೇಟರ್ ಹಾಕಿದಾಗ ಟಿಕ್ ಟಿಕ್ ಸದ್ದು ಎಂದಿಗಿಂತ ಅವಸರದಲ್ಲಿ ಕೇಳಿದರೆ ಆ ಬದಿಯ ಒಂದು ಬಲ್ಬ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಎರಡೂ ಬದಿಯ ಬ್ರೇಕ್ ಲೈಟ್ ಒಟ್ಟಿಗೆ ಸತ್ತಿದ್ದರೆ ಫ್ಯೂಸ್ ಅಥವಾ ಬ್ರೇಕ್ ಪೆಡಲ್ ಬಳಿಯ ಸ್ವಿಚ್ ಮೇಲೆ ಅನುಮಾನ ಪಡಿ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಕೂಡ ಮಂಕಾಗಿ ಬೆಳಗುತ್ತಿದೆಯೇ? ಅದು ಅರ್ತ್ ವೈರಿನ ಸಮಸ್ಯೆ. ಹೋಲ್ಡರಿನಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ, ಅಥವಾ ಸಂಪರ್ಕ ಸಡಿಲವಾಗಿರುತ್ತದೆ. ಹೊಸ ಲ್ಯಾಂಪ್ ಹಾಕಿದರೂ ಅದು ಸರಿಹೋಗುವುದಿಲ್ಲ.

ವಿಮೆಯ ಯೋಚನೆ ಬಂದರೆ ಒಮ್ಮೆ ಲೆಕ್ಕ ಹಾಕಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಶೇ 50ರಷ್ಟನ್ನು ಸವಕಳಿಯೆಂದು ಕಳೆಯುತ್ತಾರೆ. 1500 ಸಿಸಿವರೆಗಿನ ಕಾರಿಗೆ ಇನ್ನೂ 1,000 ರೂಪಾಯಿ ನಿಮ್ಮ ಕೈಯಿಂದಲೇ ಹೋಗಬೇಕು. ಮೇಲಾಗಿ ಕ್ಲೇಮ್ ಮಾಡದ ವರ್ಷಗಳಿಗೆ ಶೇ 20ರಿಂದ 50ರವರೆಗೆ ಸಿಗುವ ಬೋನಸ್ ರಿಯಾಯಿತಿಗೂ ಕುತ್ತು. ಸಣ್ಣ ಕಾರಿನ ಒಂದು ಲ್ಯಾಂಪಿಗಾಗಿ ಕ್ಲೇಮ್ ಮಾಡುವುದು ನನಗಂತೂ ಜಾಣತನ ಎನಿಸುವುದಿಲ್ಲ.

ಅಂಗಡಿಯಲ್ಲಿ

ಕಾರಿನ ಮಾದರಿಯ ಹೆಸರು ಹೇಳಿದರೆ ಸಾಲದು, ತಯಾರಾದ ವರ್ಷವನ್ನೂ ಹೇಳಿ. ಒಂದೇ ಹೆಸರಿನ ಕಾರು ತಲೆಮಾರು ಬದಲಾದಾಗ ಹಿಂದಿನ ದೀಪದ ಆಕಾರವೂ ಬದಲಾಗಿರುತ್ತದೆ. ಆರ್‌ಸಿ ಪುಸ್ತಕದ ಫೋಟೊ, ಒಡೆದ ಲ್ಯಾಂಪಿನ ಫೋಟೊ ಮೊಬೈಲಿನಲ್ಲಿರಲಿ. ಎಡ ಬಲವನ್ನು ಚಾಲಕನ ಸೀಟಿನಲ್ಲಿ ಮುಂದೆ ನೋಡುತ್ತ ಕುಳಿತಂತೆ ಎಣಿಸಬೇಕು. ಕಾರಿನ ಹಿಂದೆ ನಿಂತು ನೋಡಿದರೂ ಎಡ ಎಡವೇ, ಆದರೆ ಬಿಚ್ಚಿದ ಲ್ಯಾಂಪನ್ನು ಕೈಯಲ್ಲಿ ತಿರುಗಿಸಿ ಹಿಡಿದಾಗ ಗೊಂದಲ ಹುಟ್ಟುತ್ತದೆ. ಪೆಟ್ಟಿಗೆಯ ಮೇಲೆ ಎಲ್‌ಎಚ್ ಇದ್ದರೆ ಎಡ, ಆರ್‌ಎಚ್ ಇದ್ದರೆ ಬಲ.

ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಿವೆ. ಹಳೆಯ ಮಾದರಿಯಾದರೆ ಶಿವಾಜಿನಗರದ ಗುಜರಿಯಲ್ಲಿಯೂ ಹುಡುಕಬಹುದು. ಕಂಪನಿಯದೇ ಬಿಡಿಭಾಗ ಬೇಡವೆನಿಸಿದರೆ ಲ್ಯೂಮ್ಯಾಕ್ಸ್, ಮಿಂಡಾದಂತಹ ದೀಪ ತಯಾರಕರ ಮಾಲು ಕೇಳಿ. ಹೆಸರಿಲ್ಲದ ಅಗ್ಗದ ಮಾಲು ಮಾತ್ರ ಬೇಡ. ಅದರ ಅಂಚು ಕಾರಿನ ಮೈಗೆ ಸರಿಯಾಗಿ ಕೂರದೆ ಸಂದಿ ಬಿಡುತ್ತದೆ, ನೀರು ಕಾಯುವುದೇ ಆ ಸಂದಿಗೆ. ಬಲ್ಬ್, ಹೋಲ್ಡರ್, ವೈರಿಂಗ್ ಸಮೇತ ಕೊಡುತ್ತಾರೆಯೇ, ಬರಿಯ ಲ್ಯಾಂಪೇ ಎಂದು ಕೇಳಿಕೊಳ್ಳಿ. ಲ್ಯಾಂಪಿನ ಬೆನ್ನಿಗೆ ನೀರು ತಡೆಯುವ ಸ್ಪಂಜಿನ ಪಟ್ಟಿ, ಅಂದರೆ ಗ್ಯಾಸ್ಕೆಟ್ ಅಂಟಿದೆಯೇ ಎಂದು ಅಲ್ಲಿಯೇ ತಿರುಗಿಸಿ ನೋಡಿ.

ಬಿಚ್ಚುವ ಬಗೆ

ಸ್ಟಾರ್ ಸ್ಕ್ರೂಡ್ರೈವರ್, 8 ಮತ್ತು 10 ಎಂಎಂ ಬಾಕ್ಸ್ ಸ್ಪ್ಯಾನರ್, ಮಾಸ್ಕಿಂಗ್ ಟೇಪ್, ಎರಡು ಹಳೆಯ ಬಟ್ಟೆ. ಇಷ್ಟಿದ್ದರೆ ಸಾಕು.

ಕೀ ತೆಗೆದು, ಲೈಟುಗಳನ್ನೆಲ್ಲ ಆರಿಸಿ. ಈಗಷ್ಟೇ ಉರಿಯುತ್ತಿದ್ದ ಬಲ್ಬ್ ಕೈ ಸುಡುತ್ತದೆ, ಸ್ವಲ್ಪ ಹೊತ್ತು ಆರಲಿ. ಡಿಕ್ಕಿಯ ಬಾಗಿಲು ಎತ್ತಿದರೆ ಲ್ಯಾಂಪಿನ ಒಳ ಅಂಚಿನಲ್ಲಿ ಒಂದರ ಮೇಲೊಂದು ಎರಡು ಸ್ಕ್ರೂ ಕಾಣುತ್ತವೆ. ಕೆಲವು ಕಾರುಗಳಲ್ಲಿ ಅವುಗಳ ಮೇಲೆ ಪ್ಲಾಸ್ಟಿಕ್ ಮುಚ್ಚಳವಿರುತ್ತದೆ. ಸೆಡಾನ್ ಆದರೆ ಡಿಕ್ಕಿಯ ಒಳಹಾಸನ್ನು ಸರಿಸಿ, ಲ್ಯಾಂಪಿನ ಬೆನ್ನಿಗಿರುವ ನಟ್‌ಗಳನ್ನು ಹುಡುಕಬೇಕು. ಲ್ಯಾಂಪಿನ ಸುತ್ತ ಬಣ್ಣದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸ್ಕ್ರೂಗಳ ಕೆಳಗಿನ ಸಂದಿಗೆ ಬಟ್ಟೆ ತುರುಕಿ. ಸ್ಕ್ರೂ ಜಾರಿ ಬಂಪರಿನೊಳಗೆ ಬಿದ್ದರೆ ಹತ್ತು ನಿಮಿಷದ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತದೆ.

ಸ್ಕ್ರೂ ತೆಗೆದ ಮೇಲೂ ಲ್ಯಾಂಪ್ ಅಲುಗಾಡದು. ಹೊರಬದಿಯಲ್ಲಿರುವ ಪ್ಲಾಸ್ಟಿಕ್ ಗೂಟಗಳು ಬಾಡಿಯ ರಬ್ಬರ್ ಬುಷ್‌ಗಳಲ್ಲಿ ಬಿಗಿಯಾಗಿ ಕೂತಿರುತ್ತವೆ. ಎರಡೂ ಕೈಯಿಂದ ಹಿಡಿದು ನೇರ ಹಿಂದಕ್ಕೆ, ಅಂದರೆ ನಿಮ್ಮ ಎದೆಯ ಕಡೆಗೆ ಎಳೆಯಿರಿ. ಬಾಗಿಲು ತೆರೆದಂತೆ ಪಕ್ಕಕ್ಕೆ ತಿರುಗಿಸಿದರೆ ಗೂಟ ಮುರಿಯುತ್ತದೆ. ಜಗ್ಗದಿದ್ದರೆ ಅಂಚಿಗೆ ಹಳೆಯ ಎಟಿಎಂ ಕಾರ್ಡ್ ತೂರಿಸಿ ಸಡಿಲಿಸಿ. ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬಣ್ಣ ಕಿತ್ತು, ಮುಂದಿನ ಮಳೆಗಾಲಕ್ಕೆ ಅಲ್ಲಿ ತುಕ್ಕು ಹಿಡಿಯುತ್ತದೆ.

ಲ್ಯಾಂಪ್ ಹೊರಬಂದಾಗ ವೈರಿನ ಮೇಲೆ ಜೋತುಬೀಳಲು ಬಿಡಬೇಡಿ. ವೈರುಗಳನ್ನು ಲ್ಯಾಂಪಿಗೆ ಜೋಡಿಸುವ ಪ್ಲಗ್‌ನಂಥ ಕಪ್ಲರ್ ಇರುತ್ತದೆ. ಅದರ ಲಾಕ್ ಒತ್ತಿ ಹಿಡಿದು ಕಪ್ಲರನ್ನೇ ಎಳೆಯಿರಿ, ವೈರನ್ನಲ್ಲ. ಯಾವ ವೈರ್ ಎಲ್ಲಿತ್ತೆಂದು ಮೊದಲೇ ಒಂದು ಫೋಟೊ ತೆಗೆದುಕೊಂಡರೆ ಆಮೇಲೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹೋಲ್ಡರ್‌ಗಳನ್ನು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಬಲ್ಬ್ ಸಮೇತ ಹೊರಬರುತ್ತವೆ.

ಬಲ್ಬ್ ಹಳೆಯದನ್ನೇ ಹಾಕುವುದಾದರೆ ಗಾಜಿನೊಳಗಿನ ತಂತಿ ಕಡಿದಿದೆಯೇ ನೋಡಿ. ಎಷ್ಟೋ ಕಾರುಗಳಲ್ಲಿ 21/5 ವ್ಯಾಟಿನ ಒಂದೇ ಬಲ್ಬಿನಲ್ಲಿ ಎರಡು ತಂತಿಗಳಿರುತ್ತವೆ. 5 ವ್ಯಾಟಿನದು ರಾತ್ರಿಯ ದೀಪಕ್ಕೆ, 21ರದು ಬ್ರೇಕಿಗೆ. ಅದರ ಬುಡದ ಎರಡು ಮೊಳೆಗಳು ಒಂದೇ ಎತ್ತರದಲ್ಲಿರುವುದಿಲ್ಲ, ಆದ್ದರಿಂದ ಅದು ಒಂದೇ ರೀತಿಯಲ್ಲಿ ಕೂರುತ್ತದೆ. ಕೂರುತ್ತಿಲ್ಲವೆಂದು ಬಲವಂತ ಮಾಡಬೇಡಿ, ತಿರುಗಿಸಿ ಹಾಕಿ. ಹೋಲ್ಡರ್ ಸುಟ್ಟು ಕರಗಿದ್ದರೆ ಅದನ್ನೂ ಬದಲಿಸಿ. ಇಂಡಿಕೇಟರಿಗೆ ಎಲ್‌ಇಡಿ ಬಲ್ಬ್ ಹಾಕುವ ಆಸೆಯಿದ್ದರೆ ಒಂದು ಮಾತು: ಅದು ಎಳೆಯುವ ವಿದ್ಯುತ್ ಕಡಿಮೆಯಾದ್ದರಿಂದ, ಬಲ್ಬ್ ಸುಟ್ಟಿದೆಯೆಂದು ತಿಳಿದು ಇಂಡಿಕೇಟರ್ ಅವಸರದಲ್ಲಿ ಮಿಟುಕತೊಡಗುತ್ತದೆ.

ಗ್ಯಾಸ್ಕೆಟ್, ಎಲ್ಲಕ್ಕಿಂತ ಮುಖ್ಯ

ಲ್ಯಾಂಪ್ ತೆಗೆದ ಗುಂಡಿಯಲ್ಲಿ ಧೂಳು, ಎಲೆ, ಕೆಲವೊಮ್ಮೆ ಇರುವೆಗೂಡೂ ಸಿಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಹಳೆಯ ಸ್ಪಂಜಿನ ಚೂರು ಕಾರಿನ ಮೈಗೆ ಅಂಟಿಕೊಂಡಿದ್ದರೆ ಉಗುರಿನಿಂದ ಕೆರೆದು ತೆಗೆಯಿರಿ. ಅದರ ಮೇಲೆಯೇ ಹೊಸ ಗ್ಯಾಸ್ಕೆಟ್ ಕೂತರೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸಂದಿ ಬೀಳುತ್ತದೆ. ಆ ಸಂದಿಯಿಂದ ಇಳಿದ ನೀರು ಕಣ್ಣಿಗೆ ಬೀಳುವುದಿಲ್ಲ. ಒಳಹಾಸಿನ ಹಿಂದೆ ಹರಿದು ಸ್ಟೆಪ್ನಿ ಇಡುವ ಗುಂಡಿಯಲ್ಲಿ ನಿಲ್ಲುತ್ತದೆ. ಕಾರಿನೊಳಗೆ ಮುಗ್ಗಲು ವಾಸನೆ ಬಂದಾಗಲೇ ಗೊತ್ತಾಗುವುದು. ಮಲೆನಾಡು, ಕರಾವಳಿಯಲ್ಲಿ ಜೂನ್ ಕಳೆಯುವಷ್ಟರಲ್ಲಿ ಜಾಕ್, ಪಾನ ತುಕ್ಕು ಹಿಡಿದಿರುತ್ತವೆ. ಗ್ಯಾಸ್ಕೆಟ್ ಬಂದಿಲ್ಲವೆಂದು ಸಿಲಿಕೋನ್ ಬಳಿಯುವವರಿದ್ದಾರೆ. ನೀರೇನೋ ನಿಲ್ಲಬಹುದು, ಮುಂದೊಂದು ದಿನ ಬಲ್ಬ್ ಬದಲಿಸಲು ಲ್ಯಾಂಪನ್ನೇ ಒಡೆಯಬೇಕಾದೀತು. ಗ್ಯಾಸ್ಕೆಟ್ ಬೇರೆಯಾಗಿ ಸಿಗದಿದ್ದರೆ ಒಂದು ಬದಿ ಅಂಟಿರುವ ಫೋಮ್ ಟೇಪ್ ತಂದು ಹಳೆಯದರ ಆಕಾರಕ್ಕೆ ಕತ್ತರಿಸಿ. ಬಾಡಿಯ ರಬ್ಬರ್ ಬುಷ್ ಹರಿದಿದ್ದರೆ ಅದನ್ನೂ ಬದಲಿಸಿ.

ಕೂರಿಸುವುದು, ಪರೀಕ್ಷಿಸುವುದು

ಸ್ಕ್ರೂ ಹಾಕುವ ಮುನ್ನವೇ ಕಪ್ಲರ್ ಸಿಕ್ಕಿಸಿ ಎಲ್ಲ ದೀಪಗಳನ್ನೂ ಉರಿಸಿ ನೋಡಿ. ಹಿಂದಿನ ದೀಪ, ಇಂಡಿಕೇಟರ್, ಬ್ರೇಕ್, ಕೊನೆಗೆ ರಿವರ್ಸ್. ರಿವರ್ಸ್ ನೋಡಲು ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಹಾಕಿ ಗೇರಿಗೆ ತನ್ನಿ. ಸಹಾಯಕ್ಕೆ ಬಂದವರು ಕಾರಿನ ನೇರ ಹಿಂದೆ ನಿಲ್ಲಬಾರದು, ಪಕ್ಕದಲ್ಲಿರಲಿ. ಒಬ್ಬರೇ ಇದ್ದರೆ ಸ್ಟೂಲಿನ ಮೇಲೆ ಮೊಬೈಲ್ ಇಟ್ಟು ವಿಡಿಯೊ ಮಾಡಿಕೊಳ್ಳಿ.

ಎಲ್ಲ ಸರಿಯಿದ್ದರೆ ವೈರ್ ಸಿಕ್ಕಿಕೊಳ್ಳದಂತೆ ಒಳಗೆ ಸರಿಸಿ, ಗೂಟಗಳನ್ನು ಬುಷ್‌ಗೆ ಹೊಂದಿಸಿ ಅಂಗೈಯಿಂದ ಒತ್ತಿ. ‘ಟಕ್’ ಎಂದು ಕೂರಬೇಕು. ಸ್ಕ್ರೂಗಳನ್ನು ಮೊದಲು ಬೆರಳಿನಲ್ಲೇ ತಿರುಗಿಸಿ, ಬಳಿಕ ಒಂದೊಂದನ್ನೂ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ. ಪ್ಲಾಸ್ಟಿಕ್ಕಿಗೆ ಪೂರ್ತಿ ತೋಳಿನ ಬಲ ಬೇಡ, ಬಿರುಕು ಬಿಡುತ್ತದೆ. ಟೇಪ್ ಕಿತ್ತು, ಲ್ಯಾಂಪಿನ ಮೇಲಂಚಿಗೆ ಮಗ್ಗಿನಿಂದ ನೀರು ಸುರಿಯುತ್ತ ಒಳಗೆ ಬೆರಳಾಡಿಸಿ ನೋಡಿ. ಹನಿ ತಾಗಿದರೆ ಬಿಚ್ಚಿ ಗ್ಯಾಸ್ಕೆಟ್ ಸರಿಪಡಿಸಿ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕು. ಹೊಸ ಲ್ಯಾಂಪಿಗೆ ಕಪ್ಪು ಫಿಲ್ಮ್ ಅಂಟಿಸಿ ಚೆಂದ ನೋಡುವವರು ಇದನ್ನು ನೆನಪಿಡಲಿ. ಹೊಸ ಲ್ಯಾಂಪ್ ಸಿಗುವುದು ತಡವಾದರೆ ಒಡೆದ ಜಾಗಕ್ಕೆ ಪಾರದರ್ಶಕ ಕೆಂಪು ರಿಪೇರಿ ಟೇಪ್ ಅಂಟಿಸಿಕೊಂಡು ಒಂದೆರಡು ದಿನ ತಳ್ಳಬಹುದು. ಹಾಗೇ ಬಿಟ್ಟರೆ ಬಿರುಕಿನಿಂದ ಬಿಳಿ ಬೆಳಕು ಹೊರಬಿದ್ದು ಹಿಂದೆ ಬರುವವರ ದಾರಿ ತಪ್ಪಿಸುತ್ತದೆ. ಹಳೆಯ ಲ್ಯಾಂಪಿನಲ್ಲಿ ಚೆನ್ನಾಗಿರುವ ಬಲ್ಬ್, ಸ್ಕ್ರೂ ಉಳಿದಿದ್ದರೆ ಕಾಗದದಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟುಕೊಳ್ಳಿ, ಉಳಿದದ್ದು ಗುಜರಿಗೆ.