ಪಿಟಿಜೆಡ್ ಕ್ಯಾಮೆರಾ ಹೊರಡುವ ಕ್ಷಣ, ನಿಲ್ಲುವ ಕ್ಷಣ: ನನ್ನ ಅನುಭವ

ದೂರದಿಂದಲೇ ಪ್ಯಾನ್ (ಎಡ-ಬಲಕ್ಕೆ ತಿರುಗುವುದು), ಟಿಲ್ಟ್ (ಮೇಲೆ-ಕೆಳಗೆ ಬಾಗುವುದು), ಝೂಮ್ ಮಾಡಿಸಬಹುದಾದ ನಾಲ್ಕು ಪಿಟಿಜೆಡ್ ಕ್ಯಾಮೆರಾಗಳನ್ನು ನಾನೊಬ್ಬನೇ ಕೂತು ನಡೆಸಿದ ಮೊದಲ ಸಂಗೀತ ಕಾರ್ಯಕ್ರಮದ ರೆಕಾರ್ಡಿಂಗ್ ಇನ್ನೂ ನನ್ನ ಬಳಿ ಇದೆ. ಇಪ್ಪತ್ತನೇ ನಿಮಿಷದ ಹೊತ್ತಿಗೆ ವಯೊಲಿನ್ ವಾದಕಿಯ ಮುಖದ ಮೇಲಿದ್ದ ಕ್ಯಾಮೆರಾ ಸರ್ರನೆ ಎದ್ದು, ಪರದೆಯ ಅಂಚು, ದೀಪದ ಕಂಬ ಎಲ್ಲ ತೋರಿಸಿಕೊಂಡು ಹೋಗಿ ಸೆಲ್ಲೊ ವಾದಕನ ಮೇಲೆ ತಟ್ಟನೆ ನಿಲ್ಲುತ್ತದೆ. ಪ್ರಿವ್ಯೂನಲ್ಲಿದೆ (ನನಗೆ ಮಾತ್ರ ಕಾಣುತ್ತಿದೆ) ಎಂದುಕೊಂಡು, ಪ್ರೋಗ್ರಾಂನಲ್ಲಿದ್ದ, ಅಂದರೆ ಪ್ರಸಾರವಾಗುತ್ತಿದ್ದ ಕ್ಯಾಮೆರಾದ ಪ್ರಿಸೆಟ್ (ಮೊದಲೇ ಉಳಿಸಿಟ್ಟ ಸ್ಥಾನಕ್ಕೆ ಕ್ಯಾಮೆರಾ ಒಯ್ಯುವ ಗುಂಡಿ) ಒತ್ತಿಬಿಟ್ಟಿದ್ದೆ. ನೇರ ಪ್ರಸಾರ, ಹೋದದ್ದು ಹೋಯಿತು.

ಆ ತುಣುಕನ್ನು ಆಮೇಲೆ ಎಷ್ಟೋ ಸಲ ನೋಡಿದೆ. ಒತ್ತಿದ್ದು ತಪ್ಪು ಗುಂಡಿಯೇ, ಆದರೆ ಕಣ್ಣಿಗೆ ಚುಚ್ಚುತ್ತಿದ್ದದ್ದು ಬೇರೆ. ಟ್ರೈಪಾಡ್ ಹಿಂದೆ ನಿಂತ ಕ್ಯಾಮೆರಾಮನ್ ಪ್ಯಾನ್ ಮಾಡುವಾಗ ಕೈ ಮೆಲ್ಲಗೆ ಹೊರಡುತ್ತದೆ, ಮೆಲ್ಲಗೆ ನಿಲ್ಲುತ್ತದೆ. ಮೋಟರ್ ಹಾಗಲ್ಲ, ಆಜ್ಞೆ ಬಂದೊಡನೆ ಓಟ. ಮೇಲಾಗಿ ಪ್ಯಾನ್, ಟಿಲ್ಟ್, ಝೂಮ್ ಮೂರಕ್ಕೂ ಬೇರೆ ಬೇರೆ ಮೋಟರ್. ನನ್ನ ಆ ಶಾಟ್‌ನಲ್ಲಿ ಪ್ಯಾನ್ ಮೊದಲು ಮುಗಿದಿತ್ತು, ಟಿಲ್ಟ್ ಆಮೇಲೆ, ಝೂಮ್ ಮಾತ್ರ ಇನ್ನೂ ಒಳಗೆ ಹೋಗುತ್ತಲೇ ಇತ್ತು. ಇದು ಯಂತ್ರ ಎಂದು ನೋಡುವವರಿಗೆ ಗೊತ್ತಾಗುವುದು ಅಲ್ಲೇ.

ಅಂದಿನಿಂದ ಪ್ರಿಸೆಟ್‌ಗಳನ್ನು ಎರಡು ಜಾತಿ ಮಾಡಿಕೊಂಡೆ. ಒಂದು, ಕ್ಯಾಮೆರಾ ಪ್ರೋಗ್ರಾಂನಲ್ಲಿ ಇಲ್ಲದಾಗ ಮಾತ್ರ ಒತ್ತುವಂಥವು. ಇವುಗಳ ವೇಗ ಪೂರ್ತಿ. ಇನ್ನೊಂದು, ಪ್ರಸಾರದಲ್ಲಿರುವಾಗಲೇ ಚಲಿಸಬೇಕಾದವು. ಈಚಿನ ಹಲವು ಕ್ಯಾಮೆರಾಗಳಲ್ಲಿ ವೇಗದ ಬದಲು ಸಮಯ ಕೊಡಬಹುದು: ಹತ್ತು ಸೆಕೆಂಡ್ ಎಂದರೆ ಮೂರೂ ಮೋಟರ್ ಒಟ್ಟಿಗೆ ಹೊರಟು ಒಟ್ಟಿಗೆ ಮುಗಿಸುತ್ತವೆ. ಈ ಸೌಲಭ್ಯ ಇಲ್ಲದ ಕ್ಯಾಮೆರಾವನ್ನು ನಾನು ಪ್ರಸಾರದಲ್ಲಿ ಕದಲಿಸುವುದೇ ಇಲ್ಲ.

ಜಾಯ್‌ಸ್ಟಿಕ್ ಹಿಡಿದು ನಡೆಸುವಾಗ ಲೆಕ್ಕ ಬೇರೆ. ಫ್ರೇಮ್ 60 ಡಿಗ್ರಿ ಅಗಲ ಇದ್ದಾಗ ಸೆಕೆಂಡಿಗೆ 1 ಡಿಗ್ರಿ ಸರಿದರೆ ಒಂದು ಬದಿಯ ವಸ್ತು ಇನ್ನೊಂದು ಬದಿ ತಲುಪಲು ಒಂದು ನಿಮಿಷ ಬೇಕು. ಝೂಮ್ ಮಾಡಿ ಅಗಲ 5 ಡಿಗ್ರಿಗೆ ಇಳಿದಾಗ ಅದೇ ವೇಗಕ್ಕೆ ಐದೇ ಸೆಕೆಂಡಿನಲ್ಲಿ ಎಲ್ಲ ದಾಟಿ ಹೋಗುತ್ತದೆ. ಝೂಮ್ ಹೆಚ್ಚಿದಂತೆ ವೇಗ ತಾನಾಗಿ ಇಳಿಯುವ ಸೆಟ್ಟಿಂಗ್ ಇದ್ದರೆ ಮೊದಲು ಅದನ್ನು ಆನ್ ಮಾಡಿ. ಹೊಸ ಕ್ಯಾಮೆರಾದ ವಿವರ ಪತ್ರ ಓದುವಾಗಲೂ ಗರಿಷ್ಠ ವೇಗಕ್ಕಿಂತ ಕನಿಷ್ಠ ವೇಗವನ್ನು ಮೊದಲು ಹುಡುಕುತ್ತೇನೆ. 2022ರಲ್ಲಿ ಬಂದ ಸೋನಿ ಎಫ್‌ಆರ್7ರಲ್ಲಿ ಅದು ಸೆಕೆಂಡಿಗೆ 0.02 ಡಿಗ್ರಿ, ಅಂದರೆ ನಿಮಿಷಕ್ಕೆ 1.2 ಡಿಗ್ರಿ. ಕ್ಯಾಮೆರಾ ಕದಲುತ್ತಿದೆ ಎಂದು ಕಣ್ಣಿಗೆ ಗೊತ್ತೇ ಆಗದಷ್ಟು ನಿಧಾನ. ಫುಲ್ ಫ್ರೇಮ್ ಸೆನ್ಸರ್, ಬದಲಾಯಿಸಬಹುದಾದ ಲೆನ್ಸ್ ಇರುವ ಇಂಥ ಕ್ಯಾಮೆರಾದಲ್ಲಿ ಹಿನ್ನೆಲೆ ಮಸುಕಾಗಿ ಸಿನಿಮಾದಂಥ ಚಿತ್ರ ಸಿಗುವುದು ನಿಜ, ಆದರೆ ಅಷ್ಟೇ ಸುಲಭವಾಗಿ ಫೋಕಸ್ ಕೈಬಿಟ್ಟು ಹೋಗುತ್ತದೆ. ವಾದಕರು ಮುಂದೆ ಬಾಗುವ ಕ್ಷಣಗಳನ್ನು ರಿಹರ್ಸಲ್‌ನಲ್ಲೇ ಗುರುತು ಹಾಕಿಕೊಳ್ಳಬೇಕು.

ನಿಲ್ಲಿಸುವುದರಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ನೆಟ್‌ವರ್ಕ್. ಒಮ್ಮೆ ಜಾಯ್‌ಸ್ಟಿಕ್ ಬಿಟ್ಟ ಮೇಲೂ ಕ್ಯಾಮೆರಾ ಸರಿಯುತ್ತಲೇ ಹೋಯಿತು. ಕೆಟ್ಟಿದೆ ಎಂದುಕೊಂಡೆ, ಕಾರಣ ಬೇರೆಯೇ ಇತ್ತು. ಕ್ಯಾಮೆರಾಗೆ ಆಜ್ಞೆ ಕಳಿಸುವ ವೀಸ್ಕಾ ಪ್ರೋಟೊಕಾಲ್‌ನಲ್ಲಿ ಪ್ಯಾನ್ ಆಜ್ಞೆ ಒಮ್ಮೆ ಹೋದರೆ, ನಿಲ್ಲು ಎನ್ನುವ ಇನ್ನೊಂದು ಆಜ್ಞೆ ತಲುಪುವವರೆಗೆ ಕ್ಯಾಮೆರಾ ನಿಲ್ಲುವುದಿಲ್ಲ. ಐಪಿ ನೆಟ್‌ವರ್ಕ್ ಮೂಲಕ ಈ ಆಜ್ಞೆಗಳು ಯುಡಿಪಿ ಎಂಬ ವಿಧಾನದಲ್ಲಿ ಹೋಗುತ್ತವೆ, ಪ್ಯಾಕೆಟ್ ತಲುಪಿಯೇ ತಲುಪುತ್ತದೆ ಎಂಬ ಖಾತರಿ ಯುಡಿಪಿಗಿಲ್ಲ. ಅದೇ ಕೇಬಲ್‌ನಲ್ಲಿ ನಾನು ವಿಡಿಯೊವನ್ನೂ ತುಂಬಿಸಿದ್ದೆ. ಈಗ ವಿಡಿಯೊ ಎಸ್‌ಡಿಐ ಎಂಬ ಪ್ರತ್ಯೇಕ ವಿಡಿಯೊ ಕೇಬಲ್‌ನಲ್ಲಿ, ನಿಯಂತ್ರಣ ಮಾತ್ರ ನೆಟ್‌ವರ್ಕ್‌ನಲ್ಲಿ. ಇದರಿಂದ ಇನ್ನೊಂದು ಲಾಭವೂ ಆಯಿತು. ನೆಟ್‌ವರ್ಕ್ ವಿಡಿಯೊ ಕೆಲವು ಫ್ರೇಮ್ ತಡವಾಗಿ ಬರುತ್ತಿದ್ದರಿಂದ ನಾನು ಯಾವಾಗಲೂ ಮುಖವನ್ನು ದಾಟಿ ನಿಲ್ಲಿಸುತ್ತಿದ್ದೆ. ಆ ತೊಂದರೆ ತಪ್ಪಿತು.

ವಿದ್ಯುತ್ತಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನೆಟ್‌ವರ್ಕ್ ಕೇಬಲ್‌ನಲ್ಲೇ ಕ್ಯಾಮೆರಾಗಳಿಗೆ ವಿದ್ಯುತ್ತನ್ನೂ ಕೊಡುವ ನಮ್ಮ ಪಿಒಇ ಸ್ವಿಚ್‌ನ ಪ್ರತಿ ಪೋರ್ಟ್ 30 ವ್ಯಾಟ್ ಕೊಡುತ್ತಿತ್ತು, ಒಟ್ಟು ಸಾಮರ್ಥ್ಯ ಮಾತ್ರ 65 ವ್ಯಾಟ್. ನಾಲ್ಕೂ ಕ್ಯಾಮೆರಾ ಸುಮ್ಮನಿದ್ದಾಗ ಎಲ್ಲ ಸರಿ. ಒಟ್ಟಿಗೆ ತಿರುಗಿಸಿದಾಗ ನಾಲ್ಕನೆಯದು ಆಫ್ ಆಗಿ ಮತ್ತೆ ಮೊದಲಿಂದ ಶುರುವಾಯಿತು. ಸ್ವಿಚ್ ಬದಲಿಸಿದೆ, ಮುಗಿಯಿತು.

ಈಗ ಕಾರ್ಯಕ್ರಮಕ್ಕೆ ಮೊದಲು ಅರ್ಧ ಗಂಟೆ ಖಾಲಿ ವೇದಿಕೆಯ ಮೇಲೆ ಕುರ್ಚಿಗಳನ್ನಿಟ್ಟು ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಪ್ಯಾನ್ ಮಾಡಿ ರೆಕಾರ್ಡ್ ಮಾಡುತ್ತೇನೆ. ಆಮೇಲೆ ಧ್ವನಿ ಇಲ್ಲದೆ ನೋಡುತ್ತೇನೆ, ಹೊರಡುವ ಮೊದಲ ಒಂದು ಸೆಕೆಂಡ್, ನಿಲ್ಲುವ ಕೊನೆಯ ಒಂದು ಸೆಕೆಂಡ್. ಎಲ್ಲಾದರೂ ಜರ್ಕ್ ಕಂಡರೆ ಸಮಯವನ್ನು ಇನ್ನೆರಡು ಸೆಕೆಂಡ್ ಹೆಚ್ಚಿಸಿ ಮತ್ತೊಮ್ಮೆ. ನಾಲ್ಕರಲ್ಲಿ ಒಂದು ಕ್ಯಾಮೆರಾ ಮಾತ್ರ ಇಡೀ ವೇದಿಕೆಯನ್ನು ಹಿಡಿದು ಕೊನೆಯವರೆಗೂ ಕದಲದೆ ಕೂತಿರುತ್ತದೆ, ಅದರ ಜಾಯ್‌ಸ್ಟಿಕ್ ಗುಂಡಿಗೆ ಟೇಪ್ ಅಂಟಿಸಿಟ್ಟಿದ್ದೇನೆ.