ಬಾತುಮೊಟ್ಟೆ: ಕೊನೆಯ ಮೂರು ದಿನ ಮುಚ್ಚಳ ತೆರೆಯಬೇಡಿ

ಇನ್‌ಕ್ಯುಬೇಟರ್‌ನಲ್ಲಿ (ಮೊಟ್ಟೆಗೆ ಕಾವು ಕೊಡುವ ಯಂತ್ರ) ಬಾತುಮೊಟ್ಟೆ ಇಡುವವರು ಕೋಳಿಮೊಟ್ಟೆಯ ಲೆಕ್ಕವನ್ನೇ ಹಿಡಿದು ಕೂರಬೇಡಿ. ಮರಿ ಹೊರಬರಲು ಕೋಳಿಗೆ 21 ದಿನ, ಬಾತಿಗೆ 28. ಮಸ್ಕೋವಿ ಜಾತಿಯ ಬಾತಾದರೆ ಸುಮಾರು 35. ಫ್ಯಾನ್ ಇರುವ ಯಂತ್ರದಲ್ಲಿ ಶಾಖ 37.5 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 55ರ ಆಸುಪಾಸು ಇರಲಿ. ದಿನಕ್ಕೆ ಮೂರರಿಂದ ಐದು ಬಾರಿ ಹೊರಳಿಸಿ.

ಏಳನೆಯ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ. ಜೇಡನ ಕಾಲಿನಂತೆ ಕೆಂಪು ರಕ್ತನಾಳಗಳು ಹರಡಿದ್ದರೆ ಒಳಗೆ ಜೀವವಿದೆ. ಅನುಮಾನವಿದ್ದರೆ ಇನ್ನೂ ಮೂರು ದಿನ ಕಾಯಿರಿ.

ನಿಜವಾದ ಪರೀಕ್ಷೆ ಕೊನೆಯ ಮೂರು ದಿನ. ಹೊರಳಿಸುವುದನ್ನು ನಿಲ್ಲಿಸಿ, ತೇವಾಂಶವನ್ನು ಶೇ. 70ಕ್ಕೆ ಏರಿಸಿ, ಮುಚ್ಚಳ ಮುಟ್ಟಬೇಡಿ. ಚಿಪ್ಪಿನ ಮೇಲೆ ನಕ್ಷತ್ರದಂಥ ಬಿರುಕು ಕಂಡೊಡನೆ ಮನಸ್ಸು ತಡೆಯುವುದಿಲ್ಲ, ನನಗೆ ಗೊತ್ತು. ಆದರೆ ಬಾತುಮರಿ ಅಲ್ಲಿಂದ ಹೊರಬರಲು ಒಂದು ದಿನ, ಒಮ್ಮೊಮ್ಮೆ ಎರಡು ದಿನವೂ ಬೇಕು. ಆ ಹೊತ್ತಿನಲ್ಲಿ ಅದು ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಿರುತ್ತದೆ; ಒಳಪೊರೆಯ ರಕ್ತನಾಳಗಳು ಬತ್ತುತ್ತಿರುತ್ತವೆ. ಅವಸರದಿಂದ ಚಿಪ್ಪು ಬಿಡಿಸಿದರೆ ರಕ್ತ ಜಿನುಗುತ್ತದೆ, ಮರಿ ಉಳಿಯುವುದು ಕಷ್ಟ. ಮುಚ್ಚಳ ತೆರೆದರೂ ತೇವ ಹಾರಿಹೋಗಿ ಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ.

ಹೊರಬಂದ ಮರಿಗಳು ತುಪ್ಪಳ ಒಣಗಿ ಉಬ್ಬುವವರೆಗೆ ಒಳಗೇ ಇರಲಿ. ಹೊಟ್ಟೆಯಲ್ಲಿರುವ ಹಳದಿಯ ಬಲದಿಂದ ಒಂದು ದಿನ ಆಹಾರವಿಲ್ಲದೆಯೂ ಇರಬಲ್ಲವು.