ಉಲ್ಲನ್‌ನಲ್ಲಿ ಒಂದು ಕೊಡಗಿನ ಕಿತ್ತಳೆ: ಮೊದಲ ಸಲ ಕ್ರೋಶಾ ಕಡ್ಡಿ ಹಿಡಿಯುವವರಿಗೆ

ಮೊದಲ ಸಲ ಅಮಿಗುರುಮಿ ಮಾಡುವವರು ನೇರವಾಗಿ ಆನೆಗೋ ಕರಡಿಗೋ ಕೈ ಹಾಕುತ್ತಾರೆ. ಬೇಡ. ಜಪಾನಿನಿಂದ ಬಂದ ಈ ಪುಟ್ಟ ಬೊಂಬೆಗಳಲ್ಲಿ ತಲೆ ಒಂದು ಉಂಡೆ, ಹೊಟ್ಟೆ ಇನ್ನೊಂದು ಉಂಡೆ. ಉಂಡೆಯೇ ಸರಿ ಬಾರದಿದ್ದರೆ ಆನೆ ಹೇಗೆ ಬರುತ್ತದೆ? ರಜೆಯಲ್ಲಿ ಕಲಿಯೋಕೆ ಬರುವ ಅಕ್ಕಪಕ್ಕದ ಮಕ್ಕಳಿಂದ ಹಿಡಿದು ಅವರ ಅಮ್ಮಂದಿರವರೆಗೆ ನಾನು ನೋಡುವುದು ಒಂದೇ. ಕಿವಿ, ಸೊಂಡಿಲು, ಬಾಲ ಎಲ್ಲ ಆಸೆಯಿಂದ ಮಾಡಿರುತ್ತಾರೆ, ತಲೆ ಮಾತ್ರ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಮೊನಚು, ನಡುನೆತ್ತಿಯಲ್ಲಿ ತೂತು, ಆ ತೂತಿನಿಂದ ಒಳಗಿನ ಬಿಳಿ ಹತ್ತಿ ಇಣುಕುತ್ತಿರುತ್ತದೆ.

ಅದಕ್ಕೇ ಮೊದಲು ಒಂದು ಕಿತ್ತಳೆ ಮಾಡಿ. ನಾಗಪುರದ್ದಲ್ಲ, ನಮ್ಮ ಕೊಡಗಿನ ಕಿತ್ತಳೆ. ಕಾಫಿ ತೋಟದ ನಡುವೆ ಬೆಳೆಯುವ, 2006ರಲ್ಲಿ ಜಿಐ, ಅಂದರೆ ಇದು ಈ ಊರಿನದೇ ಎನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು. ಅದು ಪೂರ್ತಿ ಗುಂಡಗಿರುವುದಿಲ್ಲ, ಮೇಲೆ ಕೆಳಗೆ ಸ್ವಲ್ಪ ಅದುಮಿರುತ್ತದೆ. ಕಲಿಯುವವರಿಗೆ ಇದೇ ಅನುಕೂಲ. ಉಂಡೆಗೆ ಬೇಕಾದ ಎಲ್ಲ ಕೆಲಸವೂ ಇದರಲ್ಲಿ ಬರುತ್ತದೆ, ಕೊನೆಯಲ್ಲಿ ಆಕಾರ ತಿದ್ದೋಕೆ ಒಂದು ಅವಕಾಶವೂ ಸಿಗುತ್ತದೆ.

ಏನೇನು ಬೇಕು

ನಾಲ್ಕು ಎಳೆಯ ಅಕ್ರಿಲಿಕ್ ಉಲ್ಲನ್, 3 ಮಿಲಿಮೀಟರ್ ಕಡ್ಡಿ, ದಪ್ಪ ಕಣ್ಣಿನ ಮೊಂಡು ಸೂಜಿ, ಒಂದು ಸೇಫ್ಟಿ ಪಿನ್, ಕತ್ತರಿ, ತುಂಬೋಕೆ ಫೈಬರ್ ಹತ್ತಿ. ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಎಲ್ಲಿಯ ಫ್ಯಾನ್ಸಿ ಸ್ಟೋರ್‌ನಲ್ಲಿ ಕೇಳಿದರೂ ಇಷ್ಟು ಸಿಗಬೇಕು.

ಉಲ್ಲನ್ ಪಟ್ಟಿಯ ಮೇಲೆ ಬರೆದಿರುವ ಕಡ್ಡಿ ಅಳತೆಯನ್ನು ಇಲ್ಲಿ ನಂಬಬೇಡಿ. ಅದು ಶಾಲು, ಸ್ವೆಟರ್‌ಗೆ ಹೇಳಿದ್ದು. ಅಮಿಗುರುಮಿಗೆ ಅದಕ್ಕಿಂತ ಸಣ್ಣ ಕಡ್ಡಿ ಬೇಕು, ಇಲ್ಲದಿದ್ದರೆ ಸ್ಟಿಚ್‌ಗಳ ನಡುವೆ ಜಾಗ ಬಿಟ್ಟುಕೊಂಡು ಹತ್ತಿ ಕಾಣುತ್ತದೆ. ನಿಮ್ಮ ಕೈ ಸಡಿಲ ಅನ್ನಿಸಿದರೆ 2.5ಕ್ಕೆ ಇಳಿಯಿರಿ.

ಬಣ್ಣ ತಿಳಿಯಾಗಿರಲಿ. ಹಸಿರು ಛಾಯೆಯ ಹಳದಿ ಸಿಕ್ಕರೆ ಒಳ್ಳೆಯದು, ನಮ್ಮ ಹಣ್ಣಿನ ಸಿಪ್ಪೆ ಹೆಚ್ಚಾಗಿ ಹಾಗೇ ಇರೋದು. ಕಪ್ಪು, ಕಡು ನೀಲಿ ಬೇಡವೇ ಬೇಡ. ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಮನೆಯೊಳಗೆ ಕತ್ತಲು, ಕರೆಂಟ್ ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ, ಅಂಥ ಬೆಳಕಿನಲ್ಲಿ ಕಡು ಬಣ್ಣದ ಸ್ಟಿಚ್ ಎಣಿಸೋಕೆ ಆಗುವುದಿಲ್ಲ. ವೆಲ್ವೆಟ್ ಥರ ನುಣುಪಾದ, ರೋಮ ರೋಮವಾದ ಉಲ್ಲನ್ ಈಗ ಎಲ್ಲ ಕಡೆ ಮಾರುತ್ತಾರೆ. ನೋಡೋಕೆ ಚೆಂದ. ಆದರೆ ಅದರಲ್ಲಿ ಸ್ಟಿಚ್ ಎಲ್ಲಿದೆ ಅಂತ ಕಣ್ಣಿಗೆ ಕಾಣುವುದೇ ಇಲ್ಲ, ಬೆರಳಿನಿಂದ ತಡವಿ ಹುಡುಕಬೇಕು. ಕಲಿತ ಮೇಲೆ ತಗೊಳ್ಳಿ. ಹತ್ತು ಹದಿನೈದು ಕಡ್ಡಿಗಳ ಅಗ್ಗದ ಪ್ಲಾಸ್ಟಿಕ್ ಸೆಟ್ ಕೂಡ ಬೇಡ. ಅಚ್ಚಿನ ಗೆರೆ ಕೊಕ್ಕೆಯ ಕತ್ತಿನಲ್ಲೇ ಉಳಿದಿರುತ್ತದೆ, ಪ್ರತಿ ಸ್ಟಿಚ್‌ಗೂ ದಾರದ ಎಳೆ ಅದಕ್ಕೆ ಸಿಕ್ಕಿ ಸೀಳುತ್ತದೆ. ಒಂದೇ ಒಂದು ಅಲ್ಯೂಮಿನಿಯಂ ಕಡ್ಡಿ ಸಾಕು.

ವಿಡಿಯೋ ನೋಡಿ ಕಲಿಯುವವರಿಗೆ ಒಂದು ಮಾತು. ಅಮೆರಿಕದವರು ಸಿಂಗಲ್ ಕ್ರೋಶೆ ಅನ್ನುವುದನ್ನೇ ಬ್ರಿಟನ್‌ನವರು ಡಬಲ್ ಕ್ರೋಶೆ ಅನ್ನುತ್ತಾರೆ. ನಾನಿಲ್ಲಿ ಹೇಳುವುದು ಅಮೆರಿಕದ ಲೆಕ್ಕ. ಕಡ್ಡಿ ತೂರಿಸಿ, ದಾರ ಎಳೆದು ತನ್ನಿ, ಕಡ್ಡಿಯಲ್ಲಿ ಎರಡು ಕುಣಿಕೆ ಆಗುತ್ತದೆ. ಮತ್ತೆ ದಾರ ಸುತ್ತಿ ಎರಡರ ಒಳಗಿಂದಲೂ ಎಳೆಯಿರಿ. ಅದೇ ಸಿಂಗಲ್. ಎಲೆ ಬಿಟ್ಟರೆ ಇಡೀ ಕಿತ್ತಳೆ ಇದೊಂದರಲ್ಲೇ ಆಗುತ್ತದೆ.

ಮ್ಯಾಜಿಕ್ ರಿಂಗ್: ಇಲ್ಲಿ ಅವಸರ ಬೇಡ

ಮ್ಯಾಜಿಕ್ ರಿಂಗ್ ಅಂದರೆ ತುದಿ ಎಳೆದರೆ ಮುಚ್ಚಿಕೊಳ್ಳುವ ದಾರದ ಉಂಗುರ, ಹೆಣಿಗೆ ಶುರುವಾಗುವುದು ಇದರಿಂದಲೇ. ಹತ್ತಕ್ಕೆ ಎಂಟು ಮಂದಿ ಕೈ ಬಿಡುವುದು ಇಲ್ಲೇ. ನಿಧಾನವಾಗಿ ಓದಿ, ಕೈಯಲ್ಲಿ ದಾರ ಹಿಡಿದೇ ಓದಿ.

ಎಡಗೈ ಅಂಗೈಯನ್ನು ನಿಮ್ಮ ಕಡೆ ತಿರುಗಿಸಿಕೊಳ್ಳಿ. ದಾರದ ತುದಿಯನ್ನು ಒಂದು ಗೇಣಿನಷ್ಟು ಉದ್ದ ಬಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ತುದಿ ಗಿಡ್ಡ ಬಿಡಬೇಡಿ, ಆಮೇಲೆ ಎಳೆಯೋಕೂ ಹೊಲಿಯೋಕೂ ಅದೇ ಬೇಕು. ಈಗ ಉಲ್ಲನ್ ಉಂಡೆ ಕಡೆಯ ದಾರವನ್ನು ತೋರುಬೆರಳು, ನಡುಬೆರಳು ಎರಡನ್ನೂ ಸೇರಿಸಿ ಸುತ್ತಿ. ಒಂದು ಸುತ್ತು ಬಂದ ಮೇಲೆ ದಾರ ಮೊದಲಿನ ಎಳೆಯನ್ನು ದಾಟಿ ಎಡಕ್ಕೆ ಹೋಗಲಿ. ಅಂದರೆ ಎರಡು ಎಳೆಗಳು ಒಂದರ ಮೇಲೊಂದು ಕತ್ತರಿ ಬೀಳಬೇಕು. ಉಳಿದ ದಾರವನ್ನು ಕಿರುಬೆರಳಿನಲ್ಲಿ ಹಿಡಿದುಕೊಳ್ಳಿ.

ಕಡ್ಡಿಯನ್ನು ಬಲಗಡೆಯ ಎಳೆಯ ಕೆಳಗೆ ತೂರಿಸಿ. ಎಡಗಡೆಯ ಎಳೆಯನ್ನು ಕೊಕ್ಕೆಯಲ್ಲಿ ಹಿಡಿದು, ಬಲ ಎಳೆಯ ಕೆಳಗಿನಿಂದಲೇ ಈಚೆ ತನ್ನಿ. ಹಾಗೇ ಕಡ್ಡಿಯನ್ನು ಮೇಲ್ಮುಖ ತಿರುಗಿಸಿ. ಕಡ್ಡಿಯಲ್ಲಿ ಈಗ ಒಂದು ಸಡಿಲ ಕುಣಿಕೆ ಇದೆ. ಮತ್ತೆ ದಾರ ಸುತ್ತಿ ಅದರೊಳಗಿಂದ ಎಳೆಯಿರಿ. ಇದು ಒಂದು ಚೈನ್. ಇದು ಬರೀ ಬೀಗ, ಸ್ಟಿಚ್ ಅಲ್ಲ. ಇದನ್ನು ಎಣಿಸಬೇಡಿ. ಎಣಿಸಿದರೆ ಮೊದಲ ಸುತ್ತಿನಲ್ಲೇ ಒಂದು ಕಡಿಮೆಯಾಗುತ್ತದೆ, ಮುಂದಿನ ಎಲ್ಲ ಲೆಕ್ಕವೂ ತಪ್ಪುತ್ತದೆ.

ಈಗ ಉಂಗುರವನ್ನು ಬೆರಳಿನಿಂದ ಮೆಲ್ಲಗೆ ಜಾರಿಸಿ, ಬುಡದಲ್ಲಿ ಹಿಡಿಯಿರಿ. ಚೆನ್ನಾಗಿ ನೋಡಿ. ಚೈನ್‌ನ ಪಕ್ಕದಲ್ಲಿ ಉಂಗುರದ ಎಳೆ ಒಂದು, ಅದರ ಜೊತೆಗೇ ತುದಿಯ ಎಳೆ ಇನ್ನೊಂದು ಸಾಗುತ್ತಿವೆ. ಆರು ಸಿಂಗಲ್‌ಗಳನ್ನೂ ಈ ಎರಡೂ ಎಳೆಗಳನ್ನು ಸೇರಿಸಿ ಹಾಕಬೇಕು. ಕಡ್ಡಿ ಉಂಗುರದ ನಡುವಿನ ಖಾಲಿ ಜಾಗಕ್ಕೇ ಇಳಿದು, ಎರಡೂ ಎಳೆಗಳ ಕೆಳಗಿಂದ ದಾರ ತರಬೇಕು. ಒಂದೇ ಎಳೆಗೆ ಹಾಕಿದರೆ ಸ್ಟಿಚ್ ಏನೋ ಬರುತ್ತದೆ, ಆದರೆ ಆಮೇಲೆ ತುದಿ ಎಳೆದರೆ ಉಂಗುರ ಮುಚ್ಚುವುದಿಲ್ಲ, ಅಥವಾ ತುದಿಯೇ ಕೈಗೆ ಬಂದುಬಿಡುತ್ತದೆ. "ಅಕ್ಕ, ಎಷ್ಟು ಎಳೆದ್ರೂ ಮುಚ್ಚಲ್ಲ" ಅಂತ ತಂದು ತೋರಿಸುವುದೆಲ್ಲ ಹೆಚ್ಚಾಗಿ ಇದೇ.

ಆರು ಆದ ಮೇಲೆ ತುದಿ ಎಳೆಯಿರಿ. ಉಂಡೆ ಕಡೆಯ ದಾರ ಅಲ್ಲ, ತುದಿ. ಉಂಗುರ ಪೂರ್ತಿ ಮುಚ್ಚಿ, ಬೆರಳಿನ ಉಗುರೂ ತೂರದಷ್ಟು ಬಿಗಿಯಾಗಬೇಕು. ಬಿಗಿಯಾದ ಕೂಡಲೇ ತುದಿ ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ. ಒಂದೆರಡು ತಿಂಗಳಲ್ಲಿ ನೆತ್ತಿ ಬಾಯಿ ಬಿಡುತ್ತದೆ. ಮೂರ್ನಾಲ್ಕು ಸುತ್ತು ಹೆಣೆದ ಮೇಲೆ ತುದಿಯನ್ನು ಸೂಜಿಗೆ ಪೋಣಿಸಿ, ಒಳಗಡೆ ಆರು ಸ್ಟಿಚ್‌ಗಳ ಬುಡದಲ್ಲಿ ಒಂದು ಸುತ್ತು ಹೊಲಿದು ಗಂಟು ಹಾಕಿ.

ಇಷ್ಟಾದರೂ ಬಾರದಿದ್ದರೆ ಒಂದು ಅಡ್ಡದಾರಿ ಇದೆ. ಗಂಟು ಕುಣಿಕೆ ಹಾಕಿ, ಎರಡು ಚೈನ್ ಮಾಡಿ, ಕಡ್ಡಿಯಿಂದ ಎರಡನೇ ಚೈನ್‌ಗೇ ಆರು ಸಿಂಗಲ್ ಹಾಕಿ. ನಡುವೆ ಸಣ್ಣ ತೂತು ಉಳಿಯುತ್ತದೆ. ಕಿತ್ತಳೆಗಾದರೆ ಅಲ್ಲಿ ಎಲೆ ಕೂತು ಮುಚ್ಚಿಕೊಳ್ಳುತ್ತದೆ, ನಡೆಯುತ್ತದೆ. ಬೊಂಬೆಯ ಮುಖಕ್ಕೆ ನಡೆಯುವುದಿಲ್ಲ. ಹಾಗಾಗಿ ಇವತ್ತು ಅಡ್ಡದಾರಿ ಹಿಡಿದರೂ ಮ್ಯಾಜಿಕ್ ರಿಂಗ್ ಕಲಿಯಲೇಬೇಕು.

ಅಗಲ ಮಾಡುವುದು

ಅಮಿಗುರುಮಿಯನ್ನು ಸುರುಳಿಯಾಗಿ ಹೆಣೆಯುತ್ತೇವೆ. ಸುತ್ತು ಮುಗಿದಾಗ ಸ್ಲಿಪ್ ಸ್ಟಿಚ್ (ಕಡ್ಡಿ ತೂರಿಸಿ ತಂದ ದಾರವನ್ನು ಕಡ್ಡಿಯಲ್ಲಿರುವ ಕುಣಿಕೆಯೊಳಗಿಂದಲೂ ಒಂದೇ ಸಲಕ್ಕೆ ಎಳೆಯುವುದು) ಹಾಕಿ ಸೇರಿಸುವುದಿಲ್ಲ, ಸುಮ್ನೆ ಮುಂದಕ್ಕೆ ಹೋಗುತ್ತೇವೆ. ಅದಕ್ಕೇ ಸೇಫ್ಟಿ ಪಿನ್. ಪ್ರತಿ ಸುತ್ತಿನ ಮೊದಲ ಸ್ಟಿಚ್‌ಗೆ ಚುಚ್ಚಿ, ಮುಂದಿನ ಸುತ್ತಿನಲ್ಲಿ ಅಲ್ಲಿಗೆ ಬಂದಾಗ ತೆಗೆದು ಹೊಸ ಸ್ಟಿಚ್‌ಗೆ ಚುಚ್ಚಿ. ಪಿನ್ ಇಲ್ಲದೆ ಕಣ್ಣಂದಾಜಿನಲ್ಲಿ ಹೋಗುವವರ ಉಂಡೆ ಯಾವತ್ತೂ ಸೊಟ್ಟ.

ಒಂದೇ ಸ್ಟಿಚ್‌ಗೆ ಎರಡು ಸಿಂಗಲ್ ಹಾಕುವುದು ಇಂಕ್ರೀಸ್. ಎರಡನೇ ಸುತ್ತಿನಲ್ಲಿ ಆರಕ್ಕೆ ಆರೂ ಇಂಕ್ರೀಸ್, 12 ಆಯಿತು. ಮೂರರಲ್ಲಿ ಒಂದು ಸಿಂಗಲ್, ಒಂದು ಇಂಕ್ರೀಸ್, ಹೀಗೆ ಆರು ಸಲ, 18. ನಾಲ್ಕರಲ್ಲಿ ಒಂದು ಸಿಂಗಲ್, ಒಂದು ಇಂಕ್ರೀಸ್, ಒಂದು ಸಿಂಗಲ್, ಆರು ಸಲ, 24. ಐದರಲ್ಲಿ ಮೂರು ಸಿಂಗಲ್, ಒಂದು ಇಂಕ್ರೀಸ್, ಆರು ಸಲ, 30. ಆರರಲ್ಲಿ ಎರಡು ಸಿಂಗಲ್, ಒಂದು ಇಂಕ್ರೀಸ್, ಎರಡು ಸಿಂಗಲ್, ಆರು ಸಲ, 36.

ನಾಲ್ಕು ಮತ್ತು ಆರನೇ ಸುತ್ತಿನಲ್ಲಿ ಇಂಕ್ರೀಸನ್ನು ನಡುವಿಗೆ ತಂದಿದ್ದೇನೆ, ನೋಡಿ. ಎಷ್ಟೋ ಪ್ಯಾಟರ್ನ್‌ಗಳು ಎಲ್ಲ ಸುತ್ತಿನಲ್ಲೂ ಕೊನೆಗೇ ಹಾಕಿಸುತ್ತವೆ. ಆಗ ಇಂಕ್ರೀಸ್‌ಗಳು ಒಂದರ ಮೇಲೊಂದು ಸಾಲಾಗಿ ಕೂತು ಆರು ಮೂಲೆ ಮೂಡುತ್ತವೆ. ಜಾಗ ಬದಲಿಸಿದರೆ ಗುಂಡಗೆ ಬರುತ್ತದೆ.

ಪ್ರತಿ ಸುತ್ತಿಗೂ ಆರೇ ಯಾಕೆ ಹೆಚ್ಚಬೇಕು? ಸಿಂಗಲ್ ಸ್ಟಿಚ್‌ನ ಎತ್ತರ, ಅಗಲ ಹತ್ತಿರ ಹತ್ತಿರ ಒಂದೇ. ವೃತ್ತದ ತ್ರಿಜ್ಯ ಒಂದು ಸ್ಟಿಚ್ ಹೆಚ್ಚಿದರೆ ಸುತ್ತಳತೆ ಎರಡು ಪೈ, ಅಂದರೆ ಸುಮಾರು 6.28 ಸ್ಟಿಚ್ ಹೆಚ್ಚಬೇಕು. ಆರು ಅದಕ್ಕೆ ಹತ್ತಿರ. ಶಾಲೆಯಲ್ಲಿ ಕಲಿತ ಲೆಕ್ಕವೇ ಇದು. ಆರಕ್ಕಿಂತ ತುಂಬ ಜಾಸ್ತಿ ಹಾಕಿದರೆ ಅಂಚು ಅಲೆ ಅಲೆಯಾಗಿ ಮಡಚುತ್ತದೆ, ಕಡಿಮೆ ಹಾಕಿದರೆ ಬೇಗ ಬಟ್ಟಲಾಗುತ್ತದೆ. ಅಂಚು ಸುಕ್ಕು ಬಂದರೆ ಉಲ್ಲನ್ ಸರಿ ಇಲ್ಲ ಅಂತ ಬೈಯಬೇಡಿ, ಎಣಿಸಿ.

ಎಣಿಸುವುದು ಹೇಗೆ? ಅಂಚನ್ನು ಮೇಲಿನಿಂದ ನೋಡಿದರೆ ಪ್ರತಿ ಸ್ಟಿಚ್‌ಗೆ ಒಂದು ವಿ ಆಕಾರ ಕಾಣುತ್ತದೆ. ಕಡ್ಡಿಯಲ್ಲಿರುವ ಕುಣಿಕೆ ಲೆಕ್ಕಕ್ಕಿಲ್ಲ. ಪ್ರತಿ ಸುತ್ತು ಮುಗಿದಾಗಲೂ ಎಣಿಸಿ, ಒಂದು ಹೆಚ್ಚು ಕಡಿಮೆ ಇದ್ದರೂ ಆಗಲೇ ಬಿಚ್ಚಿ. ಹೋಗಲಿ ಬಿಡು, ಮುಂದೆ ಸರಿ ಮಾಡೋಣ ಅಂದರೆ ಮುಂದೆ ಸರಿಯಾಗುವುದಿಲ್ಲ.

ಒಳಗು ಹೊರಗು ಇಲ್ಲೇ ನೋಡಿಕೊಳ್ಳಿ. ಸಾಲು ಸಾಲು ವಿ ಆಕಾರ ಕಾಣುವುದು ಹೊರಮೈ, ಅಡ್ಡ ಗೆರೆಗಳಿರುವುದು ಒಳಮೈ. ಕಡ್ಡಿ ಹೊರಗಿನಿಂದ ಒಳಕ್ಕೆ ಹೋಗಬೇಕು. ಉಲ್ಟಾ ಆಗುತ್ತಿದ್ದರೆ ಟೋಪಿ ಮಗುಚಿದ ಹಾಗೆ ಮಗುಚಿ, ಅಷ್ಟೇ.

ಏಳರಿಂದ ಹನ್ನೊಂದನೇ ಸುತ್ತಿನವರೆಗೆ ಸುಮ್ನೆ 36 ಸಿಂಗಲ್. ಪೂರ್ತಿ ಗುಂಡಗಿನ ಉಂಡೆ ಬೇಕಿದ್ದರೆ ಇನ್ನೊಂದು ಸುತ್ತು ಸೇರಿಸಿ.

ಕಡಿಮೆ ಮಾಡುವುದು, ತುಂಬುವುದು

ಎರಡು ಸ್ಟಿಚ್ ಸೇರಿಸಿ ಒಂದು ಮಾಡುವುದು ಡಿಕ್ರೀಸ್. ಮಾಮೂಲಿ ರೀತಿಯಲ್ಲಿ ಮಾಡಿದರೆ ಉಬ್ಬಿಕೊಂಡು, ಪಕ್ಕದಲ್ಲಿ ತೂತು ಬೀಳುತ್ತದೆ. ಅದರ ಬದಲು ಹೀಗೆ ಮಾಡಿ. ಪ್ರತಿ ವಿ ಆಕಾರಕ್ಕೂ ನಿಮ್ಮ ಕಡೆಗೊಂದು ಎಳೆ, ಆಚೆಗೊಂದು ಎಳೆ ಇರುತ್ತದೆ. ಕಡ್ಡಿಯನ್ನು ಮೊದಲ ಸ್ಟಿಚ್‌ನ ನಿಮ್ಮ ಕಡೆಯ ಎಳೆಗೆ ಮಾತ್ರ ತೂರಿಸಿ, ದಾರ ಎಳೆಯದೆ ಹಾಗೇ ಎರಡನೇ ಸ್ಟಿಚ್‌ನ ನಿಮ್ಮ ಕಡೆಯ ಎಳೆಗೂ ತೂರಿಸಿ. ಈಗ ದಾರ ಸುತ್ತಿ ಆ ಎರಡು ಎಳೆಗಳೊಳಗಿಂದ ಎಳೆದು, ಮಾಮೂಲಿನಂತೆ ಸಿಂಗಲ್ ಮುಗಿಸಿ. ಎಲ್ಲಿ ಡಿಕ್ರೀಸ್ ಆಗಿದೆ ಅಂತ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ನಾನು ಬೇರೆ ರೀತಿಯನ್ನು ಕಲಿಸುವುದೇ ಇಲ್ಲ.

ಹನ್ನೆರಡನೇ ಸುತ್ತು ಎರಡು ಸಿಂಗಲ್, ಒಂದು ಡಿಕ್ರೀಸ್, ಎರಡು ಸಿಂಗಲ್, ಆರು ಸಲ, 30. ಹದಿಮೂರು, ಮೂರು ಸಿಂಗಲ್, ಒಂದು ಡಿಕ್ರೀಸ್, 24. ಹದಿನಾಲ್ಕು, ಒಂದು ಸಿಂಗಲ್, ಒಂದು ಡಿಕ್ರೀಸ್, ಒಂದು ಸಿಂಗಲ್, 18. ಇಲ್ಲಿ ನಿಲ್ಲಿಸಿ, ತುಂಬಿ.

ಫೈಬರ್ ಹತ್ತಿಯನ್ನು ಒಂದೇ ಮುದ್ದೆಯಾಗಿ ತುರುಕಬೇಡಿ. ಚೂರು ಚೂರಾಗಿ ಬಿಡಿಸಿ, ಮೊದಲು ಗೋಡೆಯ ಸುತ್ತ, ಆಮೇಲೆ ನಡುವಿಗೆ. ಬಟ್ಟೆ ಚೂರು ತುಂಬಿದರೆ ಗಂಟು ಗಂಟಾಗಿ ಹೊರಗೆ ಕಾಣುತ್ತದೆ. ಮನೆಯಲ್ಲಿದೆ ಅಂತ ದಿಂಬಿನ ಬೂರುಗದ ಹತ್ತಿ ತುಂಬುವವರೂ ಇದ್ದಾರೆ. ಬಯಲುಸೀಮೆಯಲ್ಲಿ ನಡೆಯಬಹುದು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ, ಹತ್ತಿ ಬಿಡುತ್ತದೆಯೇ? ಪಾಲಿಯೆಸ್ಟರ್ ಫೈಬರ್ ನೀರು ಹೀರುವುದಿಲ್ಲ, ಒದ್ದೆಯಾದರೂ ಬೇಗ ಒಣಗುತ್ತದೆ. ಹಳೆಯ ಫೈಬರ್ ದಿಂಬು ಬಿಚ್ಚಿದರೆ ಬೇಕಾದಷ್ಟು ಸಿಗುತ್ತದೆ.

ಹದಿನೈದನೇ ಸುತ್ತು ಒಂದು ಸಿಂಗಲ್, ಒಂದು ಡಿಕ್ರೀಸ್, 12. ಇನ್ನಷ್ಟು ತುಂಬಿ. ಒತ್ತಿದರೆ ಮತ್ತೆ ಮೇಲೆ ಬರಬೇಕು, ಸ್ಟಿಚ್ ಮಾತ್ರ ಹಿಗ್ಗಬಾರದು. ಹದಿನಾರನೇ ಸುತ್ತು ಆರೂ ಡಿಕ್ರೀಸ್, 6. ಅಲ್ಲಿಗೆ ಒಟ್ಟು 396 ಸ್ಟಿಚ್.

ಮುಚ್ಚುವುದು

ಎರಡು ಗೇಣು ದಾರ ಬಿಟ್ಟು ಕತ್ತರಿಸಿ, ಸೂಜಿಗೆ ಪೋಣಿಸಿ. ಉಳಿದ ಆರು ಸ್ಟಿಚ್‌ಗಳ ಹೊರಗಿನ ಎಳೆಗಳಿಗೆ ಮಾತ್ರ ಒಂದೊಂದಾಗಿ ಸೂಜಿ ಹಾಯಿಸಿ, ನಡುವಿನಿಂದ ಹೊರಕ್ಕೆ. ಎಳೆದರೆ ತೂತು ಮುಚ್ಚುತ್ತದೆ.

ಈಗ ಕಿತ್ತಳೆಯ ಆಕಾರ. ಮುಚ್ಚಿದ ಜಾಗದ ನಡುವಿನಿಂದ ಸೂಜಿ ಚುಚ್ಚಿ ನೇರ ಎದುರಿನ ಮ್ಯಾಜಿಕ್ ರಿಂಗ್ ಹತ್ತಿರ ತೆಗೆಯಿರಿ. ಒಂದು ಸ್ಟಿಚ್ ಪಕ್ಕದಿಂದ ಮತ್ತೆ ಕೆಳಗೆ ಕಳಿಸಿ. ನಿಧಾನವಾಗಿ ಎಳೆಯಿರಿ, ಮೇಲೂ ಕೆಳಗೂ ಸಣ್ಣ ಗುಳಿ ಬೀಳುತ್ತದೆ. ಸಾಕೆನ್ನಿಸಿದಾಗ ಗಂಟು ಹಾಕಿ, ಉಳಿದ ದಾರವನ್ನು ಒಳಕ್ಕೆ ತೂರಿಸಿ ಹೊರಬಂದ ಕಡೆ ಕತ್ತರಿಸಿ.

ಎಲೆಗೆ ಹಸಿರು ದಾರದಲ್ಲಿ ಎಂಟು ಚೈನ್. ಕಡ್ಡಿಯಿಂದ ಎರಡನೇ ಚೈನ್‌ನಿಂದ ಶುರು ಮಾಡಿ ಒಂದೊಂದಕ್ಕೆ ಸ್ಲಿಪ್ ಸ್ಟಿಚ್, ಸಿಂಗಲ್, ಹಾಫ್ ಡಬಲ್, ಡಬಲ್, ಹಾಫ್ ಡಬಲ್, ಸಿಂಗಲ್, ಸ್ಲಿಪ್ ಸ್ಟಿಚ್. ಹಾಫ್ ಡಬಲ್‌ಗೆ ಮೊದಲು ಕಡ್ಡಿಗೆ ದಾರ ಸುತ್ತಿ, ಆಮೇಲೆ ತೂರಿಸಿ ದಾರ ತನ್ನಿ, ಮೂರು ಕುಣಿಕೆ ಆಗುತ್ತದೆ, ಮತ್ತೆ ದಾರ ಸುತ್ತಿ ಮೂರರ ಒಳಗಿಂದಲೂ ಎಳೆಯಿರಿ. ಡಬಲ್‌ಗೂ ಮೂರು ಕುಣಿಕೆಯವರೆಗೆ ಹಾಗೇ, ಆಮೇಲೆ ಎರಡೆರಡು ಕುಣಿಕೆಯಂತೆ ಎರಡು ಸಲ ಎಳೆಯಿರಿ. ಎಲೆಯನ್ನು ಮ್ಯಾಜಿಕ್ ರಿಂಗ್ ಇರುವ ಕಡೆ ಹೊಲಿಯಿರಿ. ಕಣ್ಣು, ಬಾಯಿ ಬೇಕೆಂದರೆ ಕಪ್ಪು ದಾರದಲ್ಲಿ ಕಸೂತಿ ಹಾಕಿ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಗೆ ಪ್ಲಾಸ್ಟಿಕ್ ಕಣ್ಣು ಹಾಕಿದ್ದನ್ನು ಕೊಡಬೇಡಿ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ.

ಇದು ಬಂದ ಮೇಲೆ ಅಳತೆ ಬದಲಿಸುವುದು ಸುಲಭ. ಕೀ ಚೈನ್‌ಗೆ ಕಾಫಿ ಹಣ್ಣು ಬೇಕಾದರೆ ಕೆಂಪು ದಾರದಲ್ಲಿ 6, 12, 18ಕ್ಕೆ ನಿಲ್ಲಿಸಿ, ಮೂರು ಸುತ್ತು ನೇರ ಹೋಗಿ, 12, 6ಕ್ಕೆ ಇಳಿಸಿ. ಗುಳಿ ಎಳೆಯಬೇಡಿ, ಹಾಗೇ ಮುಚ್ಚಿ.